ನೀವೇ ಮಾಡಿ, ನೀವೇ ಅನುಭವಿಸಿ

ಉಪಾಯ, ಕೈಕುಸುರಿ, ಕೀಟಲೆ ಎಂಬ ಮೂರು ವಿದ್ಯೆಗಳಿಗೆ ಹಿಂದೆ ಬೇರೆ ಬೇರೆ ಗುರುಗಳಿದ್ದರು. ಈಗ ಮೂರನ್ನೂ ಅಂತರ್ಜಾಲದ ‘ನೀವೇ ಮಾಡಿ’ ವಿಡಿಯೊಗಳಲ್ಲಿ ಒಬ್ಬರೇ, ಒಂದೇ ದನಿಯಲ್ಲಿ, ‘ಬಹಳ ಸುಲಭ, ಯಾರು ಬೇಕಾದರೂ ಮಾಡಬಹುದು’ ಎಂದು ಹೇಳಿಕೊಡುವುದರಿಂದ, ತಾನು ಕಲಿತದ್ದು ಉಪಾಯವೋ ಕೀಟಲೆಯೋ ಎಂಬುದು ವಿದ್ಯಾರ್ಥಿಗೆ ತಿಳಿಯುವುದು ಉಪಕರಣದಿಂದ ಹೊಗೆ ಎದ್ದ ಮೇಲೆಯೇ.

ಶುದ್ಧ ಕೀಟಲೆಯವರ ಮೇಲೆ ನನಗೆ ಹೆಚ್ಚಿನ ದೂರಿಲ್ಲ. ತಾವು ಸುಳ್ಳು ಹೇಳುತ್ತಿದ್ದೇವೆಂಬ ಅರಿವಾದರೂ ಅವರಿಗಿರುತ್ತದೆ. ಹೊಸ ತಂತ್ರಾಂಶ ಹಾಕಿಕೊಂಡರೆ ಐಫೋನಿಗೆ ನೀರಿನ ಭಯವಿಲ್ಲವೆಂಬ ಸುಳ್ಳು ಜಾಹೀರಾತು 2013ರಲ್ಲಿ ಹರಿದಾಡಿತು. ಮರುವರ್ಷ ಬಂದ ಇನ್ನೊಂದು, ಫೋನನ್ನು ಮೈಕ್ರೋವೇವ್ ಒಲೆಯೊಳಗಿಟ್ಟರೆ ಚಾರ್ಜ್ ಆಗುತ್ತದೆ ಎಂದಿತು. 2016ರಲ್ಲಿ ಐಫೋನ್ 7ರಿಂದ ಹೆಡ್‌ಫೋನ್ ರಂಧ್ರ ಮಾಯವಾದಾಗ, ಡ್ರಿಲ್ಲಿನಿಂದ ಕೊರೆದರೆ ಅದು ಒಳಗೇ ಸಿಗುತ್ತದೆಂದು ತೋರಿಸುವ ವಿಡಿಯೊ ಬಂತು. ಎಂಜಿನಿಯರುಗಳು ತೆಗೆದುಹಾಕಿದ್ದನ್ನು ಡ್ರಿಲ್ ಮರಳಿ ಕರುಣಿಸುತ್ತದೆಂಬ ನಂಬಿಕೆಯಲ್ಲಿ, ಒಪ್ಪಲೇಬೇಕು, ಒಂದು ಬಗೆಯ ಭಕ್ತಿಯಿದೆ.

ನನಗೆ ಭಯವಿರುವುದು ಪ್ರಾಮಾಣಿಕರದ್ದು. ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್ ತೊಳೆಯುವ ಅವರ ಪ್ರಸಿದ್ಧ ವಿಧಿಯನ್ನೇ ನೋಡಿ. ನೋಟ್‌ಪ್ಯಾಡ್ ತೆರೆದು, ‘ಮೈಸ್ಟ್ರಿಂಗ್’ ಎಂಬ ಪದ ಬರೆದು, ಸಮಚಿಹ್ನೆ ಹಾಕಿ, ಆವರಣದೊಳಗೆ 80000000 ಎಂದು ತುಂಬಿ, ಕಡತವನ್ನು ಓಡುವ ಆದೇಶವಾಗಿಸಲು ಅದರ ಹೆಸರಿಗೆ ವಿಬಿಎಸ್ ಎಂಬ ಬಾಲ ಅಂಟಿಸಿ, ಎರಡು ಬಾರಿ ಕ್ಲಿಕ್ಕಿಸಿದರೆ ಯಂತ್ರ ಹಗುರಾಗುತ್ತದಂತೆ. ಆ ಕಡತ ವಾಸ್ತವದಲ್ಲಿ ಮಾಡುವುದಿಷ್ಟೇ: ಒಂದು ಹೆಸರಿಗೆ ಒಂದು ಸಂಖ್ಯೆಯನ್ನು ಕಟ್ಟಿ, ಕೂಡಲೇ ಮುಗಿದುಹೋಗುತ್ತದೆ. ಕಸ ತುಂಬಿದ ಕೋಣೆಯ ಹೊಸ್ತಿಲಲ್ಲಿ ನಿಂತು ‘ಎಂಟು ಕೋಟಿ’ ಎಂದು ಒಮ್ಮೆ ಕೂಗಿ, ಬಾಗಿಲೆಳೆದುಕೊಂಡು ಬಂದು, ಕೋಣೆ ಎಷ್ಟು ಚೊಕ್ಕಟವಾಯಿತೆಂದು ನೆರೆಯವರಿಗೆ ಹೇಳಿದಂತೆ. ಇದರ ಒಡಹುಟ್ಟಿದ್ದು ‘ಟ್ರೀ’ ಎಂಬ ಆದೇಶ. ಕಪ್ಪು ಪರದೆಯಲ್ಲಿ ಅದನ್ನು ಟೈಪಿಸಿದರೆ ಸಾಲುಗಳು ಸರಸರನೆ ಹರಿಯುತ್ತವೆ, ನೋಡುವವನು ತನ್ನ ಯಂತ್ರದ ರೋಗವೆಲ್ಲ ಕೊಚ್ಚಿಹೋಯಿತೆಂದು ಹಿಗ್ಗುತ್ತಾನೆ. ಅದು ಫೋಲ್ಡರುಗಳ ವಂಶವೃಕ್ಷವನ್ನು ಓದಿ ಹೇಳಿತಷ್ಟೆ. (ಹೀಗೆ ಬರೆಯುತ್ತಿರುವ ನಾನೂ ಕಂಪ್ಯೂಟರ್ ತೆರೆದೊಡನೆ ರಿಫ್ರೆಶ್‌ಗೆಂದು ಎಫ್‌5 ಕೀಲಿಯನ್ನು ಐದಾರು ಬಾರಿ ಒತ್ತುತ್ತೇನೆ. ಅದರಿಂದ ವೇಗ ಹೆಚ್ಚುವುದಿಲ್ಲವೆಂದು ಬಲ್ಲೆ, ಬೆರಳು ಅರಿಯದು.)

ವಿಂಡೋಸ್‌ನಲ್ಲಿ ‘ಸಿಒಎನ್’ ಎಂಬ ಹೆಸರಿನ ಫೋಲ್ಡರ್ ಸೃಷ್ಟಿಸಲಾಗದಿರುವುದನ್ನು ಇದೇ ಗುರುಗಳು ಯಾರೂ ಬಿಡಿಸಲಾಗದ ರಹಸ್ಯವೆಂದು ಬೋಧಿಸುತ್ತಾರೆ. ವಿಂಡೋಸಿಗೂ ಹಿಂದಿನ ಡಾಸ್ ಕಾಲದಿಂದಲೂ ಅದು ಕನ್ಸೋಲಿಗೆ, ಅಂದರೆ ಕೀಲಿಮಣೆ ಮತ್ತು ಪರದೆಗೆ, ಮೀಸಲಿಟ್ಟ ಹೆಸರೆಂದು ಮೈಕ್ರೋಸಾಫ್ಟ್ ತನ್ನ ಕೈಪಿಡಿಯಲ್ಲೇ ಬರೆದಿರುವುದರಿಂದ, ಈ ರಹಸ್ಯವನ್ನು ಕಾಪಾಡಲು ಕೈಪಿಡಿ ಓದದಿದ್ದರೆ ಸಾಕು.

ಕೈಕುಸುರಿಯ ವಿಭಾಗವೂ ಹಿಂದುಳಿದಿಲ್ಲ. ಕ್ರೀಡಾಪಟುಗಳ ಪಾನೀಯದಲ್ಲಿ ನೆನೆಸಿದ ಈರುಳ್ಳಿಗೆ ಕೇಬಲ್ ಚುಚ್ಚಿ ಹಾಡು ಕೇಳುವ ಐಪಾಡ್ ಚಾರ್ಜ್ ಮಾಡುವುದನ್ನು 2007ರ ಒಂದು ವಿಡಿಯೊ ಕಲಿಸಿತು. ನಿಂಬೆಹಣ್ಣಿಗೆ ಸತು ಮತ್ತು ತಾಮ್ರವೆಂಬ ಎರಡು ಭಿನ್ನ ಲೋಹಗಳನ್ನು ಚುಚ್ಚಿದಾಗ ಸಿಗುವುದೇ ಸುಮಾರು ಒಂದು ವೋಲ್ಟ್, ಅದೂ ಅತಿ ದುರ್ಬಲ ವಿದ್ಯುತ್ತಿನೊಡನೆ. ಯುಎಸ್‌ಬಿ ಕೇಬಲ್ ಬೇಡುವುದು 5 ವೋಲ್ಟ್. ಈರುಳ್ಳಿಯಿಂದ ಖಚಿತವಾಗಿ ಬರುವುದು ಕಣ್ಣೀರು ಮಾತ್ರ. ಇನ್ನು ಬಿಸಿ ಅಂಟು ಸುರಿಸುವ ಗ್ಲೂ ಗನ್ ಹಿಡಿದವರ ಪಾಲಿಗೆ ಮುರಿದದ್ದು, ಮುರಿಯದ್ದು ಎಲ್ಲವೂ ಅಂಟಿಗಾಗಿ ಕಾದಿರುವ ವಸ್ತುಗಳೇ. ಸುಟ್ಟ ಬೆರಳಿನ ದೃಶ್ಯವನ್ನು ಮಾತ್ರ ಸಂಕಲನದಲ್ಲಿ ಕತ್ತರಿಸಿರುತ್ತಾರೆ.

ಒದ್ದೆಯಾದ ಫೋನನ್ನು ಅಕ್ಕಿಯಲ್ಲಿ ಹೂಳುವ ಸಂಸ್ಕಾರವಂತೂ ಇದ್ದೇ ಇದೆ. ಅಕ್ಕಿಯ ಸಣ್ಣ ಕಣಗಳು ಐಫೋನಿಗೆ ಹಾನಿ ಮಾಡಬಹುದು, ಹಾಗೆ ಮಾಡಬೇಡಿ ಎಂಬ ಆ್ಯಪಲ್ ಸಂಸ್ಥೆಯ ಸೂಚನೆ 2024ರ ಆರಂಭದಲ್ಲಿ ಸುದ್ದಿಯಾಯಿತು. ಅದರ ಸಲಹೆ ಇಷ್ಟು: ಕೇಬಲ್ ಚುಚ್ಚುವ ಬಾಯಿಯನ್ನು ಕೆಳಗೆ ಮಾಡಿ ಅಂಗೈಗೆ ಮೆಲ್ಲನೆ ತಟ್ಟಿ, ಗಾಳಿಯಾಡುವ ಒಣ ಜಾಗದಲ್ಲಿಡಿ; ಪೂರ್ತಿ ಒಣಗಲು 24 ಗಂಟೆಗಳವರೆಗೂ ಹಿಡಿಯಬಹುದು. ಏನನ್ನೂ ಮಾಡದೆ ಸುಮ್ಮನಿರಬೇಕಾದ ಇಂಥ ಉಪಾಯವನ್ನು ‘ನೀವೇ ಮಾಡಿ’ ಎಂಬ ತಲೆಬರಹದಡಿ ಚಿತ್ರೀಕರಿಸುವ ಬಗೆಯನ್ನು ಯಾವ ಗುರುವೂ ಇನ್ನೂ ಕಂಡುಹಿಡಿದಿಲ್ಲವಾದ್ದರಿಂದ, ಅಕ್ಕಿಯ ಡಬ್ಬಿಯ ಮುಚ್ಚಳ ಈಗಲೂ ತೆರೆದೇ ಇದೆ.