ಪ್ಲೇಯರಿನ ಮುಳ್ಳಿನಿಂದ ರೆಕಾರ್ಡ್ ಕೊರೆಯಲು ಆಗುವುದಿಲ್ಲ: ಸ್ಪಷ್ಟನೆ

‘ರೆಕಾರ್ಡ್ ಪ್ಲೇಯರಿನ ಮುಳ್ಳಿಗೆ ಆಂಪ್ಲಿಫೈಯರ್ ವೈರ್ ಕೊಡಿ, ಖಾಲಿ ಪ್ಲಾಸ್ಟಿಕ್ ತಟ್ಟೆ ಇಡಿ, ನಿಮ್ಮ ಹಾಡಿನ ವಿನೈಲ್ ರೆಡಿ’ ಎಂಬ ಮಾತು ಓಡಾಡುತ್ತಿದೆ. ಇದು ತಪ್ಪು. ಇದನ್ನು ನಂಬಿ ಒಳ್ಳೆಯ ಕಾರ್ಟ್ರಿಜ್ (ಮುಳ್ಳು ಕೂರಿಸಿರುವ ಭಾಗ) ಹಾಳು ಮಾಡಿಕೊಳ್ಳಬೇಡಿ.

ಪ್ಲೇಯರಿನ ಮುಳ್ಳು ಮೊದಲೇ ಇರುವ ಗೆರೆ ಹಿಡಿದು ಒಳಗೆ ಸರಿಯುತ್ತದೆ. ಖಾಲಿ ತಟ್ಟೆಯಲ್ಲಿ ಗೆರೆಯೇ ಇಲ್ಲ, ಅಲ್ವಾ? ಲೇತ್‌ನಲ್ಲಿ, ಅಂದರೆ ರೆಕಾರ್ಡ್ ಕೊರೆಯುವ ಯಂತ್ರದಲ್ಲಿ, ಉದ್ದನೆಯ ಸ್ಕ್ರೂ ಒಂದು ಕೊರೆಯುವ ಮುಳ್ಳಿರುವ ಕಟಿಂಗ್ ಹೆಡ್ಡನ್ನು ನಿಧಾನವಾಗಿ ತಳ್ಳುತ್ತದೆ. ಮೋಟಾರಿಗೂ ಜಾಸ್ತಿ ಬಲ ಬೇಕು. ಇಲ್ಲದಿದ್ದರೆ ಕೊರೆಯುವಾಗ ತಟ್ಟೆಯ ವೇಗ ಕುಗ್ಗಿ ಶ್ರುತಿ ಅಲ್ಲಾಡುತ್ತದೆ. ಕೊರೆಯುವ ಮುನ್ನ ಬಾಸ್ ತಗ್ಗಿಸಿ ಟ್ರೆಬಲ್ ಏರಿಸಬೇಕು. ನುಡಿಸುವಾಗ ರೆಕಾರ್ಡಿಗೆಂದೇ ಇರುವ ಫೋನೋ ಆಂಪ್ಲಿಫೈಯರ್ ಅದನ್ನು ಸರಿಮಾಡುತ್ತದೆ.

ಇನ್ನು ಎಳೆಯ ವಿಚಾರ. ಮುಳ್ಳು ಕೊರೆದಂತೆ ಕೂದಲಿನಂಥ ಎಳೆ ಮೇಲೇಳುತ್ತದೆ. ವ್ಯಾಕ್ಯೂಮ್ ಕೊಳವೆ ಅದನ್ನು ಕೂಡಲೇ ಎಳೆದುಕೊಳ್ಳಬೇಕು, ಇಲ್ಲವಾದರೆ ಮುಳ್ಳಿಗೆ ಸುತ್ತಿಕೊಂಡು ಗೆರೆ ಕೆಡುತ್ತದೆ. ಲ್ಯಾಕರ್ (ಮೆರುಗೆಣ್ಣೆಯಂಥ ಲೇಪ) ಹಚ್ಚಿದ ತಟ್ಟೆಯಾದರೆ ಈ ಎಳೆ ನೈಟ್ರೋಸೆಲ್ಯುಲೋಸಿನದು. ಕಿಡಿ ತಾಗಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಆ ಸಂದೇಶದಲ್ಲಿ ಈ ಬಗ್ಗೆ ಒಂದು ಮಾತೂ ಇಲ್ಲ. ನನಗೆ ಹೆಚ್ಚು ಬೇಸರವಾದದ್ದು ಅದಕ್ಕೇ.

ಹಾಗಂತ ಮನೆಯಲ್ಲಿ ಸಾಧ್ಯವೇ ಇಲ್ಲ ಅಂತಲ್ಲ. 2022ರಲ್ಲಿ ಸ್ವೀಡನ್ನಿನ ಟೀನೇಜ್ ಎಂಜಿನಿಯರಿಂಗ್ ಕಂಪನಿ ಪಿಓ-80 ಎಂಬ ಪುಟ್ಟ ಯಂತ್ರ ತಂದಿತು. 5 ಇಂಚಿನ ತಟ್ಟೆ, ಮೋನೋ ಧ್ವನಿ. ಕಲಿಯುವವರಿಗೆ ಚೆನ್ನಾಗಿದೆ. ದೊಡ್ಡ ಲೇತ್‌ಗಳಲ್ಲಿ ಸ್ಟೀರಿಯೋ ಕೂಡ ಕೊರೆಯಬಹುದು, ಆದರೆ 20 ನಿಮಿಷದ ಸಂಗೀತಕ್ಕೆ ಸಾಮಾನ್ಯವಾಗಿ 20 ನಿಮಿಷವೇ ಬೇಕು. ಪ್ರತಿ ತಟ್ಟೆಗೂ ಅಷ್ಟೇ ಹೊತ್ತು.