ಮಾನ್ಯರೇ, ನಾನು ರೋಬೋಟ್ ಅಲ್ಲ

ಮನೆಯ ಕಂಪ್ಯೂಟರಿನ ಬಲಗಡೆಯ ಕೆಳಮೂಲೆಯಿಂದ ಒಂದು ಕೆಂಪು ಪಟ್ಟಿ ಮೇಲೇಳುತ್ತದೆ. 'ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ತಕ್ಷಣ ಇಲ್ಲಿ ಒತ್ತಿ' ಎನ್ನುತ್ತದೆ. ಮುಚ್ಚುತ್ತೇನೆ. ಮರುಕ್ಷಣವೇ ವೇಷ ಬದಲಿಸಿಕೊಂಡು ಬಂದು, 'ಅಭಿನಂದನೆಗಳು, ಬಹುಮಾನ ನಿಮ್ಮದಾಗಿದೆ' ಎನ್ನುತ್ತದೆ. ಒಂದೇ ನಿಮಿಷದಲ್ಲಿ ರೋಗಿಯೂ ಅದೃಷ್ಟವಂತಳೂ ಆಗುವ ಯೋಗ ಎಲ್ಲರಿಗೂ ಕೂಡಿ ಬರುವುದಿಲ್ಲ. ನನಗೆ ಮೈ ಉರಿಯುವುದು ಅದಕ್ಕಲ್ಲ. ಈ ಪಟ್ಟಿಯನ್ನು ಕಳಿಸುತ್ತಿರುವ ಜಾಲತಾಣವನ್ನು ನಾನು ಆಗಲೇ ಬಂದ್ ಮಾಡಿಯಾಗಿದೆ. ಬಾಗಿಲಿಗೆ ಅಗುಳಿ ಹಾಕಿದ ಮೇಲೂ ಒಳಗೆ ಬಂದು ಕುಶಲ ವಿಚಾರಿಸುವವರನ್ನು ಏನೆಂದು ಕರೆಯಬೇಕು?

ಬಂದ್ ಮಾಡುವುದು ಸುಲಭದ ಕೆಲಸವೇನೂ ಅಲ್ಲ. ವಿಂಡೋಸ್‌ನಲ್ಲಿ ಸಿಸ್ಟಂ32 ಎಂಬ ಫೋಲ್ಡರ್, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ, ಅದರೊಳಗೆ ಹೋಸ್ಟ್ಸ್ ಎಂಬ ಬಾಲವಿಲ್ಲದ ಕಡತ. ಅದರಲ್ಲಿ 127.0.0.1 ಎಂದು ಬರೆದು ಪಕ್ಕದಲ್ಲಿ ದುಷ್ಟ ತಾಣದ ಹೆಸರನ್ನು ಬರೆದರೆ, ಆ ಹೆಸರು ಕೇಳಿದಾಗಲೆಲ್ಲ ಕಂಪ್ಯೂಟರ್ ಹೊರಗೆ ಹೋಗದೆ ತನ್ನೊಳಗೇ ತಡಕಾಡಿ ಸುಮ್ಮನಾಗುತ್ತದೆ. ಕಳ್ಳರ ಹೆಸರುಗಳನ್ನು ಒಂದೊಂದಾಗಿ, ಪೂರ್ತಿಯಾಗಿ ಬರೆಯಬೇಕು. 'ಈ ವಂಶದವರೆಲ್ಲರೂ' ಎಂದು ಬರೆದರೆ ಅದು ಒಪ್ಪುವುದಿಲ್ಲ. ಇಂಟರ್ನೆಟ್ ಇನ್ನೂ ಅರ್ಪಾನೆಟ್ ಆಗಿದ್ದಾಗ ಜಾಲದಲ್ಲಿದ್ದ ಅಷ್ಟೂ ಕಂಪ್ಯೂಟರುಗಳ ಹೆಸರುಗಳು ಇಂಥದೊಂದೇ ಕಡತದಲ್ಲಿದ್ದವು. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ತಿದ್ದಿ ತೀಡಿ ಇಡುತ್ತಿದ್ದರು. ಹೆಸರುಗಳು ಬೆಳೆದು ಅದು ಅಸಾಧ್ಯವಾದಾಗ, 1983ರಲ್ಲಿ ಪಾಲ್ ಮೊಕಪೆಟ್ರಿಸ್, ಹೆಸರು ಹೇಳಿದರೆ ಅದರ ಸಂಖ್ಯೆಯ ವಿಳಾಸ ಹುಡುಕಿ ಕೊಡುವ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಅಷ್ಟು ದೊಡ್ಡ ಸಂಸ್ಥೆಯೇ ಕೈಚೆಲ್ಲಿದ ಕೆಲಸವನ್ನು ನಾನು ರಾತ್ರಿ ಊಟವಾದ ಮೇಲೆ ನೋಟ್‌ಪ್ಯಾಡ್ ತೆರೆದುಕೊಂಡು ಮುಂದುವರಿಸುತ್ತಿದ್ದೇನೆ.

ಕಡತವನ್ನು ಉಳಿಸಿದ ಮೇಲೆ ಭದ್ರತಾ ತಂತ್ರಾಂಶ ಎದ್ದು ಕುಳಿತಿತು. 'ಹೋಸ್ಟ್ಸ್ ಕಡತವನ್ನು ಯಾರೋ ತಿದ್ದಿದ್ದಾರೆ' ಎಂದು ನನ್ನ ಮೇಲೆಯೇ ದೂರು. ಅದರ ಅನುಮಾನ ತಪ್ಪಲ್ಲ, ಬ್ಯಾಂಕಿನ ಹೆಸರನ್ನು ನಕಲಿ ತಾಣದ ಕಡೆಗೆ ತಿರುಗಿಸಲು ದುಷ್ಟ ತಂತ್ರಾಂಶಗಳೂ ಇದೇ ಕಡತಕ್ಕೆ ಕೈ ಹಾಕುತ್ತವೆ. ಆದರೆ ಮನೆಯಲ್ಲಿ ಇಷ್ಟೆಲ್ಲ ನಡೆಯುತ್ತಿರುವಾಗ ಅದು ಬಾಯಿ ಬಿಟ್ಟದ್ದು ನನ್ನ ವಿರುದ್ಧ ಮಾತ್ರ.

ಆಮೇಲೆ ಮನೆಗೆಲ್ಲ ಇಂಟರ್ನೆಟ್ ಹಂಚುವ ರೌಟರಿಗೆ ಹೋದೆ. ಅಪಾಯಕಾರಿ ತಾಣಗಳ ವಿಳಾಸ ಕೇಳಿದರೆ 'ಗೊತ್ತಿಲ್ಲ' ಎಂದುಬಿಡುವ ಡಿಎನ್‌ಎಸ್ ಸೇವೆಗಳಿವೆ. 2017ರಿಂದ ಕ್ವಾಡ್9 ಇದೆ, ಅದರ ಸಂಖ್ಯೆ 9.9.9.9. ಕ್ಲೌಡ್‌ಫ್ಲೇರ್ 2020ರಲ್ಲಿ ಕೊಟ್ಟದ್ದು 1.1.1.2, ಮಕ್ಕಳಿರುವ ಮನೆಗೆ 1.1.1.3. ಮಗಳಿದ್ದಾಳಲ್ಲ ಎಂದು ಮೂರನೆಯದನ್ನೇ ಹಾಕಿದೆ. ಅವಳು ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ 'ಸುರಕ್ಷಿತ ಡಿಎನ್‌ಎಸ್' ಎಂಬ ಜಾಗಕ್ಕೆ ಹೋಗಿ ಬೇರೆ ಸೇವೆಯನ್ನು ಆರಿಸಿಕೊಂಡು, ರೌಟರನ್ನು ಕೇಳುವ ಗೋಜಿಗೇ ಹೋಗದೆ ಆರಾಮವಾಗಿದ್ದಾಳೆ. ಸುರಕ್ಷಿತ ಎಂದು ಬರೆದಿದೆಯಲ್ಲ, ಬೈಯುವುದಾದರೂ ಹೇಗೆ? ಗಂಡ ದಿನವಿಡೀ ಕಂಪ್ಯೂಟರಿನ ಕೆಲಸವನ್ನೇ ಮಾಡುವವರು. ಮನೆಯ ಕಂಪ್ಯೂಟರಿನ ವಿಷಯಕ್ಕೆ ಅವರ ಬಳಿ ಇರುವುದು ಒಂದೇ ಔಷಧ: 'ಆಫ್ ಮಾಡಿ ಆನ್ ಮಾಡು'. ಹೀಗಾಗಿ ನಾನು ಹಾಕಿದ ನಿರ್ಬಂಧಗಳು ಸಂಪೂರ್ಣವಾಗಿ ಜಾರಿಯಾಗಿರುವುದು ನನ್ನೊಬ್ಬಳ ಮೇಲೆ.

ಇನ್ನು ಮಾವನವರ ವಿಷಯ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದೇ ಅದಕ್ಕಾಗಿ.

ಮಾವನವರು ಕಚೇರಿಯಲ್ಲಿ ಟಪಾಲು ನೋಡಿಕೊಂಡು ನಿವೃತ್ತರಾದವರು. ಬಂದ ಕಾಗದಕ್ಕೆ ಉತ್ತರ ಹೋಗಲೇಬೇಕು ಎಂಬುದು ಅವರ ಧರ್ಮ. ಕಂಪ್ಯೂಟರಿನ ಮುಂದೆ ಕುಳಿತಾಗಲೂ ಆ ಧರ್ಮ ಬಿಟ್ಟಿಲ್ಲ. ತೆರೆಯ ಮೇಲೆ ಏನೇ ಪ್ರಶ್ನೆ ಎದ್ದರೂ ಮೊದಲು ಕನ್ನಡಕವನ್ನು ಒರೆಸಿಕೊಳ್ಳುತ್ತಾರೆ. ಆಮೇಲೆ ಬೆರಳಿಟ್ಟು, ಮನೆಗೆಲ್ಲ ಕೇಳಿಸುವಂತೆ, ಪೂರ್ತಿ ಓದುತ್ತಾರೆ. 'ಈ ತಾಣವು ನಿಮಗೆ ಸೂಚನೆಗಳನ್ನು ಕಳಿಸಲು ಬಯಸುತ್ತದೆ.' ಒಂದು ಕ್ಷಣ ಯೋಚನೆ. 'ಬಯಸಿದರೆ ಕಳಿಸಲಿ ಬಿಡು, ಪಾಪ.' ಟಕ್. ಅನುಮತಿಸಲಾಯಿತು.

ಅವರಿಗೆ ಎರಡು ಗುಂಡಿಗಳನ್ನು ತೋರಿಸಿ, 'ಮಾವ, ಯಾರೇ ಕೇಳಿದರೂ ನಿರಾಕರಿಸಿ ಎಂಬುದನ್ನು ಒತ್ತಿ' ಎಂದು ಹೇಳಿಕೊಟ್ಟೆ. 'ಕಾರಣ ಕೇಳಿದರೆ ಏನು ಹೇಳಲಿ?' ಎಂದರು. ಯಾರೂ ಕೇಳುವುದಿಲ್ಲ ಎಂದೆ. 'ಕಾರಣ ತೋರಿಸದೆ ಅರ್ಜಿ ತಿರಸ್ಕರಿಸುವುದು ನನ್ನಿಂದ ಆಗದ ಕೆಲಸವಮ್ಮ' ಎಂದುಬಿಟ್ಟರು.

ಕೆಂಪು ಪಟ್ಟಿಯ ಮೂಲ ಸಿಕ್ಕಿದ್ದು ಹೀಗೆ. ಪಂಚಾಂಗವನ್ನೋ ಪದಬಂಧವನ್ನೋ ಹುಡುಕುತ್ತಾ ಯಾವುದೋ ತಾಣಕ್ಕೆ ಹೋಗಿದ್ದಾರೆ. ಅಲ್ಲಿ ಖಾಲಿ ಪುಟ, ನಡುವೆ ಒಂದು ಬಾಣದ ಗುರುತು, ಕೆಳಗೆ ಬರಹ: 'ನೀವು ರೋಬೋಟ್ ಅಲ್ಲ ಎಂದು ಸಾಬೀತುಪಡಿಸಲು ಅನುಮತಿಸಿ ಎಂಬುದನ್ನು ಒತ್ತಿ.' ಇದು ಹಳೆಯ ಮೋಸ. ಗುಂಡಿ ಬ್ರೌಸರಿನದೇ, ಅದನ್ನು ಒತ್ತಿದರೆ ಸೂಚನೆ ಕಳಿಸುವ ಹಕ್ಕು ಆ ತಾಣಕ್ಕೆ ಸಿಗುತ್ತದೆ, ರೋಬೋಟ್ ಪರೀಕ್ಷೆ ಏನೂ ನಡೆಯುವುದಿಲ್ಲ. ನಾನು ಇದನ್ನೆಲ್ಲ ವಿವರಿಸಿದೆ. ಮಾವನವರು ಶಾಂತವಾಗಿ ಕೇಳಿಸಿಕೊಂಡು, 'ಎಲ್ಲ ಸರಿ. ಆದರೆ ನಾನು ರೋಬೋಟ್ ಅಲ್ಲವಲ್ಲ? ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ತಪ್ಪೇನು?' ಎಂದರು. ಅಡುಗೆಮನೆಯಿಂದ ಅತ್ತೆ, 'ಅದನ್ನು ಸಾಬೀತುಪಡಿಸುವುದು ಅಷ್ಟು ಸುಲಭವಲ್ಲ' ಎಂದರು. ಮಾವನವರು ಅದನ್ನು ಕೇಳಿಸಿಕೊಳ್ಳಲಿಲ್ಲ, ಅಥವಾ ಕಡತಕ್ಕೆ ಸೇರಿಸಿದರು.

ತಾಣವನ್ನು ಬಂದ್ ಮಾಡಿದರೂ ಪಟ್ಟಿ ಬರುತ್ತಿದ್ದುದರ ಗುಟ್ಟೂ ಆ ಟಕ್‌ನಲ್ಲೇ ಇದೆ. ಒಮ್ಮೆ ಅನುಮತಿ ಸಿಕ್ಕಿದ ಮೇಲೆ ಸೂಚನೆಗಳು ಬರುವುದು ಬ್ರೌಸರ್ ತಯಾರಿಸಿದವರೇ ನಡೆಸುವ ಸೇವೆಯ ಮೂಲಕ. ಕಂಪ್ಯೂಟರ್ ಆ ತಾಣವನ್ನು ತೆರೆಯಬೇಕೆಂದೇ ಇಲ್ಲ. ನಾನು ಹೋಸ್ಟ್ಸ್ ಕಡತದಲ್ಲಿ ಎಷ್ಟು ಸಾಲು ಬರೆದರೂ ಅದಕ್ಕೆ ಲೆಕ್ಕವಿಲ್ಲ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಅನುಮತಿ ಪಡೆದವರ ಪಟ್ಟಿಯನ್ನು ತೆರೆದು ಒಬ್ಬೊಬ್ಬರದನ್ನಾಗಿ ಹಿಂಪಡೆಯಬೇಕು. ತೆರೆದೆ. ಕೆಳಗೆ ಸರಿಸುತ್ತಾ ಹೋದೆ. ಮುಗಿಯಲೇ ಇಲ್ಲ. ಲೋಕದಲ್ಲಿ ಕೇಳಿದವರಿಗೆಲ್ಲ ಇಲ್ಲ ಎನ್ನದೆ ಕೊಟ್ಟ ಕರ್ಣ ನಮ್ಮ ಮನೆಯ ಹಾಲಿನಲ್ಲೇ ಕುಳಿತಿದ್ದ.

ಒಂದೊಂದನ್ನೂ ಅಳಿಸುತ್ತಿದ್ದಾಗ ಮಾವನವರು ಹಿಂದೆ ನಿಂತು ನೋಡುತ್ತಿದ್ದರು. 'ಇವರು ಬೆಳಗ್ಗೆ ಬರುವವರು. ಇದು ಮಧ್ಯಾಹ್ನದ್ದು' ಎಂದು ಗುರುತು ಹಿಡಿದು ಹೇಳಿದರು. ಆಮೇಲೆ ಮೆಲ್ಲಗೆ, 'ಈಗ ಯಾರೂ ಕಾಗದ ಬರೆಯುವುದಿಲ್ಲವಲ್ಲಮ್ಮ' ಎಂದರು. ಅವರ ಮೇಜಿನ ಮೇಲೆ ದಿನವೂ ಟಪಾಲು ರಾಶಿ ಬೀಳುತ್ತಿದ್ದ ಕಾಲವನ್ನು ನಾನು ನೋಡಿಲ್ಲ, ಕೇಳಿದ್ದೇನಷ್ಟೆ. ಸ್ನೇಹಿತರಲ್ಲಿ ಕೆಲವರು ಹೋದರು, ಉಳಿದವರಿಗೆ ಕೈ ನಡುಗುತ್ತದೆ. ಇಡೀ ದಿನದಲ್ಲಿ ಅವರನ್ನು 'ನಿಮ್ಮ' ಎಂದು ಸಂಬೋಧಿಸಿ, ಅವರ ಉತ್ತರಕ್ಕಾಗಿ ಕಾಯುತ್ತಿದ್ದವರು ಈ ವಂಚಕರು ಮಾತ್ರವೇನೋ. ನನ್ನ ಬೆರಳು ಸ್ವಲ್ಪ ಹೊತ್ತು ಮೌಸಿನ ಮೇಲೆಯೇ ನಿಂತಿತು. ಅಷ್ಟರಲ್ಲಿ ಮೂಲೆಯಿಂದ ಮತ್ತೊಂದು ಪಟ್ಟಿ ಎದ್ದು, ಸುಂದರ ತರುಣಿಯೊಬ್ಬಳು ಮಾವನವರೊಡನೆ ಮಾತಾಡಲು ಕಾದಿದ್ದಾಳೆ ಎಂದಿತು. ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಅಳಿಸಿದೆ.

ಅಲ್ಲಿಗೆ ಮುಗಿಯಬೇಕಿತ್ತು. ಮನಸ್ಸು ನಿಲ್ಲದೆ, ಸ್ವಯಂಸೇವಕರು ಸಿದ್ಧಪಡಿಸಿದ ದೊಡ್ಡದೊಂದು ನಿಷೇಧ ಪಟ್ಟಿಯನ್ನು ತಂದು ಸೇರಿಸಿದೆ. ಮರುದಿನ ಬೆಳಗ್ಗೆಯೇ ಮಾವನವರ ಕೂಗು: 'ಪದಬಂಧ ಬರುತ್ತಿಲ್ಲ!' ನಿಜ. ಅವರು ತಪ್ಪದೆ ಆಡುವ, ಯಾರಿಗೂ ಕೇಡು ಬಯಸದ ಆ ತಾಣವನ್ನು ಯಾವಾಗಲೋ ಯಾರೋ ಅನುಮಾನಿಸಿ ಪಟ್ಟಿಗೆ ಸೇರಿಸಿಬಿಟ್ಟಿದ್ದರು. ಸಮಾಧಾನಕ್ಕೆಂದು ಸ್ಕಂತಾರ್ಪ್‌ನ ಕಥೆ ಹೇಳಿದೆ. 1996ರಲ್ಲಿ ಇಂಗ್ಲೆಂಡಿನ ಆ ಊರಿನವರು ಎಓಎಲ್ ಎಂಬ ಇಂಟರ್ನೆಟ್ ಸೇವೆಯ ಖಾತೆ ತೆರೆಯಲು ಹೋದರೆ ಆಗಲಿಲ್ಲ, ಏಕೆಂದರೆ ಊರಿನ ಇಂಗ್ಲಿಷ್ ಹೆಸರಿನೊಳಗೆ ಒಂದು ಹೊಲಸು ಪದದ ಅಕ್ಷರಗಳು ಸಾಲಾಗಿ ಕುಳಿತಿದ್ದವು. 'ಯಾವ ಪದ?' ಎಂದರು ಮಾವನವರು. ನಾನು ಒಗ್ಗರಣೆಯ ನೆಪ ಹೇಳಿ ಎದ್ದು ಹೋದೆ.

ಪದಬಂಧ ಇಲ್ಲದೆ ಕೈ ಖಾಲಿ ಇತ್ತಲ್ಲ, ಊರಿನ ಹೆಸರನ್ನು ಕಾಗದದ ಮೇಲೆ ಬರೆದುಕೊಂಡು ಪೆನ್ಸಿಲಿನಿಂದ ಹಿಂದಿನಿಂದ ಮುಂದಿನಿಂದ ಅಕ್ಷರ ಹೊಡೆಯುತ್ತಾ ಕುಳಿತರು. ತುಸು ಹೊತ್ತಿನಲ್ಲೇ ಪೆನ್ಸಿಲು ನಿಂತಿತು. ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ಮಧ್ಯಾಹ್ನದವರೆಗೆ ಯಾರೊಡನೆಯೂ ಮಾತಾಡಲಿಲ್ಲ.

ಸಂಜೆ ಬಿಳಿಯ ಹಾಳೆಯೊಂದನ್ನು ತಂದು ನನ್ನ ಮುಂದಿಟ್ಟರು. ಆ ಪಟ್ಟಿ ತಯಾರಿಸುವವರಿಗೆ ತಪ್ಪಿದ್ದರೆ ತಿಳಿಸಬಹುದು ಎಂದು ನಾನೇ ಬಾಯಿ ತಪ್ಪಿ ಹೇಳಿದ್ದೆ. 'ಮಾನ್ಯರೇ, ವಿಷಯ: ಪದಬಂಧ ತಾಣವನ್ನು ಅಕಾರಣವಾಗಿ ಮುಚ್ಚಿರುವ ಬಗ್ಗೆ. ಉಲ್ಲೇಖ: 1996ರ ಸ್ಕಂತಾರ್ಪ್ ಪ್ರಕರಣ, ಕಾರಣ ಉಲ್ಲೇಖಿಸಲು ಯೋಗ್ಯವಲ್ಲ.' ಕೆಳಗೆ ಎರಡು ಪುಟ, ಕ್ರಮಸಂಖ್ಯೆಯೊಂದಿಗೆ. ಇಂಗ್ಲಿಷಿಗೆ ತಿರುಗಿಸಿ ಟೈಪ್ ಮಾಡಿ ಕಳಿಸಿದೆ. ಒಂದೂವರೆ ಸಾಲಿನ ಉತ್ತರ ಬಂದಿತು: ಪರಿಶೀಲಿಸಲಾಗಿದೆ, ತೆಗೆಯಲಾಗಿದೆ, ವಂದನೆಗಳು. ಮಾವನವರು ಅದನ್ನು ಪ್ರಿಂಟ್ ತೆಗೆಸಿಕೊಂಡು, ದಿನಾಂಕ ಹಾಕಿ, ಫೈಲಿಗೆ ದಾರ ಕಟ್ಟಿದರು. ಮುಖದಲ್ಲಿ ಅಂಥ ಕಳೆಯನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಈಗ ನಿಷೇಧಕ್ಕೊಳಗಾದ ಉಳಿದ ತಾಣಗಳ ಹೆಸರುಗಳನ್ನೂ ಕೊಡು ಎನ್ನುತ್ತಿದ್ದಾರೆ. ಬಹುಮಾನ ಕೊಡುತ್ತೇನೆಂದವನ ಪರವಾಗಿ ಮನವಿಯ ಕರಡು ಆಗಲೇ ಸಿದ್ಧವಿದೆ. 'ನೋಟಿಸು ಕೊಡದೆ ಮುಚ್ಚಿದ್ದೀಯಲ್ಲಮ್ಮ, ಅವನ ವಾದವನ್ನೂ ಒಮ್ಮೆ ಕೇಳಬೇಕಲ್ಲವೇ?'