ಕನ್ನಡ ಪರೀಕ್ಷೆ ಪಾಸಾದರೆ ಸಿಇಟಿ ಬೇಡ ಎಂಬುದು ಸುಳ್ಳು

ಕಾಸರಗೋಡು, ಮಂಜೇಶ್ವರ ಕಡೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಗಡಿನಾಡ ಮಕ್ಕಳು ಕನ್ನಡ ಪರೀಕ್ಷೆ ಪಾಸಾದರೆ ಸಾಕು, ಕರ್ನಾಟಕದಲ್ಲಿ ಇಂಜಿನಿಯರಿಂಗ್ ಸೀಟಿಗೆ ಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕಿಲ್ಲ ಅಂತ. ಇದು ಸರಿಯಲ್ಲ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಆ ಕನ್ನಡ ಪರೀಕ್ಷೆ 50 ಅಂಕದ್ದು. 12 ಬಂದರೆ ಪಾಸು. ಗಡಿನಾಡ ಕನ್ನಡಿಗರ ಲೆಕ್ಕದಲ್ಲಿ ಸೀಟು ಕೇಳಲು ಅದು ಬರೀ ಅರ್ಹತೆ, ಅಷ್ಟೇ. ಅಲ್ಲಿ 45 ತೆಗೆದರೂ ರ‍್ಯಾಂಕ್ ಒಂದು ಸ್ಥಾನವೂ ಮೇಲೇರುವುದಿಲ್ಲ. ರ‍್ಯಾಂಕಿಗೆ ಅರ್ಧ ಪಾಲು ಬರುವುದು ಸಿಇಟಿಯಿಂದ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ತಲಾ 60 ಅಂಕ. ಇನ್ನರ್ಧ ಪ್ಲಸ್ ಟುವಿನ (ನಮ್ಮ ದ್ವಿತೀಯ ಪಿಯುಸಿಗೆ ಸಮ) ಅದೇ ವಿಷಯಗಳದ್ದು. ಹಾಗಾಗಿ ಪ್ಲಸ್ ಟು ಅಂಕ ಚೆನ್ನಾಗಿದೆಯಲ್ವಾ ಎಂದು ಸುಮ್ನೆ ಕೂರುವಂತಿಲ್ಲ. ಇಂಥ ಮೆಸೇಜ್ ನಂಬಿ ಅರ್ಜಿಯ ದಿನ ತಪ್ಪಿಸಿಕೊಂಡರೆ ಒಂದು ವರ್ಷವೇ ಹೋಗುತ್ತದೆ.

ಎಂಬಿಬಿಎಸ್‌ಗಂತೂ ದೇಶಕ್ಕೆಲ್ಲ ಒಂದೇ ಆದ ನೀಟ್ ಪ್ರವೇಶ ಪರೀಕ್ಷೆ ಬೇಕೇ ಬೇಕು, ಗಡಿಯ ಯಾವ ಕಡೆ ಓದಿದರೂ. ಅದರ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇದೆ. ಆದರೆ ಅದು ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕನ್ನಡದಲ್ಲೇ ಬರೆಯುವವರು ಅರ್ಜಿ ತುಂಬುವಾಗ ಇದನ್ನು ನೆನಪಿನಲ್ಲಿಡಬೇಕು.